ಮಂಗಳಗೌರಿ ಬಸ್ಸಿನ ಹಿಂಬಾಗಿಲು

ತಿ. ನರಸೀಪುರ
೧೭ ಮೇ ೨೦೨೫

ಪ್ರೀತಿಯ ಅವ್ವಾ,

ಕಣ್ಣು ಹೇಗಿದೆ? ಪೊರೆ ತೆಗೆಸಿಕೊಂಡ ಮೇಲೆ ನೀರು ಸುರಿಯುವುದು ನಿಂತಿತೇ? ಡಾಕ್ಟರು ಕೊಟ್ಟ ಕಪ್ಪು ಕನ್ನಡಕ ಹಾಕಿಕೊಳ್ಳಲು ನಾಚಿಕೊಳ್ಳುತ್ತೀಯಂತೆ, ರಾಣಿ ಹೇಳಿದಳು. ಹುಲ್ಲಹಳ್ಳಿಯಲ್ಲಿ ಮಗಳ ಮನೆಯೊಳಗೆ ಕೂತವಳನ್ನು ನೋಡಿ ನಗುವವರು ಯಾರು? ಹಾಕಿಕೊ. ಒಲೆಯ ಹತ್ತಿರ ಮಾತ್ರ ಹೋಗಬೇಡ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಹಿತ್ತಲ ನುಗ್ಗೆಮರ ಈ ಸಲ ಎಷ್ಟು ಬಿಟ್ಟಿದೆಯೆಂದರೆ ನಿನ್ನ ಸೊಸೆ ಬೀದಿಗೆಲ್ಲ ಹಂಚುತ್ತಿದ್ದಾಳೆ. ಫೋನಿನಲ್ಲಿ ನಿನಗೆ ನನ್ನ ಮಾತು ಅರ್ಧ ಕೇಳಿಸುತ್ತದೆ, ಉಳಿದರ್ಧ ನೀನೇ ಸೇರಿಸಿಕೊಳ್ಳುತ್ತೀಯ. ಈ ವಿಷಯ ಹಾಗೆ ಅರ್ಧ ಕೇಳುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ರಾಣಿ, ಅವ್ವನ ಪಕ್ಕ ಕೂತು ನಿಧಾನವಾಗಿ ಓದು.

ಈ ವಾರ ನಮ್ಮ ಪೇಂಟಿಂಗ್ ಶೆಡ್ಡಿಗೆ ಒಂದು ಹಳೆಯ ಬಿಳಿ ಬಸ್ಸು ಬಂತು. ನಂಜನಗೂಡಿನ ನಾಗೇಂದ್ರ ಎನ್ನುವವರು ಶಾಲೆಯ ಮಕ್ಕಳಿಗಾಗಿ ಕೊಂಡಿದ್ದಾರೆ, ಹಳದಿ ಹೊಡೆಯಬೇಕು. ಹಳೆಯ ಬಣ್ಣದ ಮೇಲೇ ಬಳಿದರೆ ಒಂದೇ ಮಳೆಗೆ ಹೊಪ್ಪಳೆ ಏಳುತ್ತದೆ, ತಗಡು ಕಾಣುವ ತನಕ ಕೆರೆಯಬೇಕು. ನಾನು ಬಲಗಡೆ ಮುಂದಿನಿಂದ ಕೆರೆಯುತ್ತಿದ್ದೆ, ನನ್ನ ಜೊತೆ ಕೆಲಸ ಮಾಡುವ ಕೃಷ್ಣ ಹಿಂದಿನಿಂದ ಕೆರೆಯುತ್ತಿದ್ದ. ಬಸ್ಸಿನ ನಡುವಿಗೆ ಬಂದಾಗ ಬಿಳಿಯ ಕೆಳಗೆ ನೀಲಿ, ನೀಲಿಯ ಕೆಳಗೆ ಹಸಿರು, ಹಸಿರಿನ ಮೇಲೆ ಕೆಂಪು ಅಕ್ಷರ. ಮೊದಲು ‘ಗೌರಿ’ ಎಂದು ಕಂಡಿತು. ಉಳಿದದ್ದು ಕಾಣುವ ಮೊದಲೇ ನನ್ನ ಕೈ ನಿಂತುಹೋಯಿತು. ಅವ್ವಾ, ಅದು ಮಂಗಳಗೌರಿ. ಅಪ್ಪ ಸತ್ತ ಬಸ್ಸು.

ಅದು ಗುಜರಿ ಸೇರಿತೆಂದೇ ಅಲ್ಲವೇ ನಾವು ತಿಳಿದಿದ್ದು? ಸುಟ್ಟ ಮುಂಭಾಗ ಬದಲಾಯಿಸಿ, ಬಣ್ಣ ಬಳಿದು ಮಾರಿಬಿಟ್ಟಿದ್ದಾರೆ. ನಾನು ಅದನ್ನೇ ನೋಡುತ್ತಾ ನಿಂತಿದ್ದಾಗ ಕೃಷ್ಣ ಕೂಗಿದ: “ನಿಂಗಣ್ಣ, ಬೇಗ ಬಾ! ತಗಡಿನೊಳ್ಗೆ ಇನ್ನೊಂದ್ ತಗಡದೆ!” ಹಿಂದಿನ ಮೂಲೆಯ ತಗಡನ್ನು ಕಿತ್ತೆವು. ಕೆಳಗೆ ಬಾಗಿಲು. ಬೆಂಕಿಗಿಂಕಿ ಬಿದ್ದರೆ ತಪ್ಪಿಸಿಕೊಳ್ಳಲು ಇಡುತ್ತಾರಲ್ಲ, ಆ ಬಾಗಿಲು. ಸುತ್ತಲೂ ಬೆಸುಗೆ ಹಾಕಿ ಮುಚ್ಚಿದ್ದರು. ಬೆಸುಗೆಯ ಮೇಲೇ ಹಸಿರು ಬಣ್ಣವಿತ್ತು. ಅಂದರೆ ಬೆಂಕಿ ಬೀಳುವ ಮೊದಲೇ ಅದು ತೆರೆಯುತ್ತಿರಲಿಲ್ಲ. ಮೇಲಿನ ತಗಡಿಗೆ ಹಸಿರೇ ಇಲ್ಲ, ನೀಲಿಯಿಂದಲೇ ಶುರು. ಅಂದರೆ ಜನ ಸತ್ತ ಮೇಲೆ ಅದನ್ನು ಮರೆಮಾಡಿದರು. ಬಾಗಿಲಿನ ನಡುವೆ ಒಳಗಿನಿಂದ ಹೊಡೆದ ಪೆಟ್ಟುಗಳು ಹೊರಕ್ಕೆ ಉಬ್ಬಿಕೊಂಡಿದ್ದವು. ಒಂದು ಕಡೆ ತಗಡು ಸೀಳಿತ್ತು. ನಾನು ಆ ಉಬ್ಬುಗಳ ಮೇಲೆ ನನ್ನ ಮುಷ್ಟಿ ಇಟ್ಟು ನೋಡಿದೆ.

ಅಪ್ಪ ಕೂತಿದ್ದು ಮುಂದಿನ ಸೀಟಿನಲ್ಲಿ, ಹೆಣ ಸಿಕ್ಕಿದ್ದು ಹಿಂದೆ. “ಸೀರೆ ಬ್ಯಾಗ್ ತರಾಕೆ ಹಿಂದಕ್ಕೋದ” ಎಂದು ಊರೆಲ್ಲ ಆಡಿತು. ರಾಣಿಯ ನಿಶ್ಚಿತಾರ್ಥಕ್ಕೆ ಮೈಸೂರಿನಿಂದ ರೇಷ್ಮೆ ಸೀರೆ ತರಲು ಹೇಳಿದವಳು ನೀನು. ಅಂದಿನಿಂದ “ನಾನೇ ಕೊಂದೆ” ಎನ್ನುತ್ತಾ ಬಂದಿದ್ದೀಯ. ನಿನ್ನ ಮುಖ ನೋಡಲಾರದೆ ರಾಣಿ ಹತ್ತಿ ಸೀರೆಯಲ್ಲೇ ಧಾರೆಗೆ ಕೂತಳು. ಆಸ್ಪತ್ರೆಯ ಶವಾಗಾರದಲ್ಲಿ ಅಪ್ಪನ ಬಲಗೈ ಗೆಣ್ಣುಗಳೆಲ್ಲ ಒಡೆದಿದ್ದನ್ನು ನಾನು ನೋಡಿದ್ದೆ. ಗಾಜು ಬಡಿದಿದೆ ಎಂದಿದ್ದರು. ಗಾಜಲ್ಲ ಅವ್ವಾ.

ಸಂಜೆ ನಾಗೇಂದ್ರ ಬಂದರು. “ಇಸ್ಕೂಲ್ ಸುರುವಾಯ್ತದೆ ಕಣಪ್ಪ, ಮುಚ್ಚಿ ಬಣ್ಣ ಹೊಡ್ದ್ಬುಡು” ಎಂದರು. ನನಗೆ ಕೋಪ ತಡೆಯಲಾಗಲಿಲ್ಲ. “ಸಾ, ಒಳಕ್ಕೋಗಿ ಆ ಬಾಗ್ಲು ಒಂದ್ಸಲ ನೂಕಿ ನೋಡಿ” ಎಂದೆ. ಹೋದರು. ನೂಕುವ ಸದ್ದು ಕೇಳಿಸಿತು. ಇಳಿದು ಬಂದಾಗ ಅವರ ಮುಖದಲ್ಲಿ ರಕ್ತವಿರಲಿಲ್ಲ. “ಇದ್ನ ಕಿತ್ತು ಹೊಸ ಬಾಗ್ಲು ಕೂರ್ಸು. ಹಳೇದ್ನ ಬಿಸಾಕ್ಬ್ಯಾಡ” ಎಂದಷ್ಟೇ ಹೇಳಿ, ಮರುದಿನ ತಾವೇ ನನ್ನ ಜೊತೆ ಪೊಲೀಸ್ ಸ್ಟೇಷನ್ನಿಗೆ ಬಂದು ಫೋಟೊ ಕೊಟ್ಟರು. ಆಗಿನ ಮಾಲೀಕ ಈಗ ಎಲ್ಲಿದ್ದಾನೋ ಗೊತ್ತಿಲ್ಲ. ಹುಡುಕುತ್ತೇವೆ ಎಂದು ಪೊಲೀಸರು ಹೇಳಿದ್ದಾರೆ. ಹುಡುಕುವ ತನಕ ನಾನೂ ಬಿಡುವವನಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕಣ್ಣಿಗೆ ಒಳ್ಳೆಯದಲ್ಲ, ತುಂಬಾ ಅಳಬೇಡ. ಭಾವನಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಮುತ್ತು. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ ಮಗ,
ನಿಂಗರಾಜು

ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು: ಸುದ್ದಿ ಕೇಳಿ ತಗಡೂರಿನ ಮುದ್ದಮ್ಮ ಎಂಬ ವಯಸ್ಸಾದ ಹೆಂಗಸು ಈಗಷ್ಟೇ ಶೆಡ್ಡಿಗೆ ಬಂದಿದ್ದರು. ಆ ದಿನ ಬಸ್ಸಿನಲ್ಲಿದ್ದವರು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರಂತೆ, ತಮ್ಮನ್ನು ಉಳಿಸಿದವರು ಯಾರೆಂದೇ ಅವರಿಗೆ ತಿಳಿದಿರಲಿಲ್ಲ. ಅಪ್ಪನ ಫೋಟೊ ತೋರಿಸಿದೆ. “ಇವ್ರೇ ಕಣಪ್ಪ. ಬಾಗ್ಲು ಬಡುದ್ರು, ಬಡುದ್ರು, ಬರ್ನಿಲ್ಲ. ಕಿಟ್ಕಿ ಕಂಬಿ ಕಿತ್ತು ನನ್ನ ಆಚ್ಗೆ ನೂಕುದ್ರು. ಇನ್ನೊಬ್ರನ್ನ ಎತ್ತಾಕೆ ತಿರುಗುದ್ರು, ಆಮೇಕೆ ಹೊಗೆ. ಕೈಯಾಗೆ ಯಾವ್ ಬ್ಯಾಗೂ ಇರ್ನಿಲ್ಲ” ಎಂದರು. ಅವರಿಗೆ ನಿನ್ನನ್ನು ನೋಡಬೇಕಂತೆ. ಮುಂದಿನ ಭಾನುವಾರ ಕರೆದುಕೊಂಡು ಬರುತ್ತೇನೆ. ಅವರ ಬಾಯಿಂದಲೇ ಕೇಳು.