ಅಳಿಸಿದ ಸಾಲು

ಅಮ್ಮಾ,

ಮೊನ್ನೆ ನೀವು ಪತ್ರಿಕೆಯ ಆಫೀಸಿಗೆ ಫೋನ್ ಮಾಡಿದಾಗ ಮಾತಾಡಿದವನು ನಾನೇ. ಅಂಕಿಅಂಶ ನೋಡಿ ಸುದ್ದಿ ಬರೆಯುವುದು ನನ್ನ ಕೆಲಸ.

ದೋಣಿ ಮುಳುಗಿ ಸತ್ತವರ ಪಟ್ಟಿಯಲ್ಲಿ ಹೆಸರುಗಳಿರಲಿಲ್ಲ. ವಯಸ್ಸು, ವಿಳಾಸ ಅಷ್ಟೇ. ನಿಮ್ಮ ಮನೆಯ ವಿಳಾಸದಲ್ಲಿ ಹತ್ತೊಂಬತ್ತು ವಯಸ್ಸಿನ ಎರಡು ಸಾಲುಗಳಿದ್ದವು. ‘ಒಂದೇ ಸಾಲು ಎರಡು ಸಲ ಬಂದಿದೆ, ಒಂದನ್ನು ಅಳಿಸಲೇ?’ ಎಂದು ಎಐ ಕೇಳಿತು. ಚಹಾ ಆರುತ್ತಿತ್ತು, ಹೂಂ ಅಂದೆ. ಸತ್ತವರ ಲೆಕ್ಕ ಹದಿನೆಂಟಿದ್ದದ್ದು ಹದಿನೇಳಾಯಿತು. ‘ಇವು ಬರೀ ಅಂಕಿಗಳಲ್ಲ’ ಎಂಬ ತಲೆಬರಹ ಕೊಟ್ಟವನೂ ನಾನೇ.

“ನನ್ನ ಮಕ್ಕಳು ಅವಳಿ ಕಣಪ್ಪಾ. ನಿಮ್ಮ ಪೇಪರಲ್ಲಿ ಒಬ್ಳೇ ಇದಾಳೆ. ಇನ್ನೊಬ್ಳು ಬದುಕಿದಾಳಾ?” ಎಂದಿರಿ.

“ಚೆಕ್ ಮಾಡಿ ಹೇಳ್ತೀನಮ್ಮಾ” ಎಂದು ಫೋನಿಟ್ಟೆ.

ಅವಳಿ ಎಂದಾಗಲೇ ನನ್ನ ತಪ್ಪು ತಿಳಿದಿತ್ತು. ಇನ್ನೊಬ್ಬಳನ್ನು ಹುಡುಕುತ್ತಾ ನೀವು ಆಸ್ಪತ್ರೆ ಆಸ್ಪತ್ರೆ ಅಲೆಯುತ್ತಿದ್ದೀರಿ ಎಂದು ಇವತ್ತು ತಿಳಿಯಿತು, ದಯವಿಟ್ಟು ನಿಲ್ಲಿಸಿ. ಚೆಕ್ ಮಾಡಲು ಏನೂ ಇರಲಿಲ್ಲ, ಅಮ್ಮಾ.

ನಿಮಗೆ ಮುಖ ತೋರಿಸಲಾಗದ,
ವರದಿಗಾರ