ಹೊಸಬರು ಬೇಕಾಗಿದ್ದಾರೆ, ಹಳಬರಾಗಿದ್ದರೆ ಮಾತ್ರ

ದೊಡ್ಡಾಸ್ಪತ್ರೆಯ ನೇಮಕಾತಿ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ಆಸ್ಪತ್ರೆಯ ಹೆಬ್ಬಾಗಿಲ ಪಕ್ಕದ ಗೋಡೆಗೆ ತಾವು ಅಂಟಿಸಿರುವ ಪ್ರಕಟಣೆಯನ್ನು ತಾವೇ ಒಮ್ಮೆಯಾದರೂ ಓದಿದ್ದೀರಾ? 'ಹೊಸದಾಗಿ ಪದವಿ ಪಡೆದ ನರ್ಸ್‌ಗಳು ಬೇಕಾಗಿದ್ದಾರೆ' ಎಂದು ದಪ್ಪಕ್ಷರದಲ್ಲಿದೆ. ಅದರ ಕೆಳಗೆ, ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣಕ್ಷರದಲ್ಲಿ, 'ಎರಡು ವರ್ಷಗಳ ಅನುಭವ ಕಡ್ಡಾಯ' ಎಂದಿದೆ. ಯಾರೋ ಓದಿ ಬಂದು ಹೇಳಿದ ದಪ್ಪಕ್ಷರವನ್ನಷ್ಟೇ ನಂಬಿ ಟ್ರಂಕು ಹೊತ್ತು ಊರು ಬಿಟ್ಟು ಬಂದವನು ನಾನು. ಹೊಸಬನೂ ಆಗಿರಬೇಕು, ಹಳಬನೂ ಆಗಿರಬೇಕು ಎಂದರೆ ಮನುಷ್ಯ ಏನು ಮಾಡಬೇಕು? ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಎಂಬ ಗಾದೆಯನ್ನು ನಮ್ಮ ಹಿರಿಯರು ತಮಾಷೆಗೆ ಹೇಳಿದ್ದರು. ತಾವು ಅದನ್ನು ನೇಮಕಾತಿ ನಿಯಮವಾಗಿಯೇ ಜಾರಿಗೆ ತಂದಿದ್ದೀರಿ.

ನನ್ನ ಪರಿಚಯ ತಮಗೆ ಇರಲಾರದು. ತಮ್ಮ ಮೇಜಿನ ಮುಂದೆ ಒಮ್ಮೆ ನಿಂತಿದ್ದೆ, ಆದರೆ ಅಂದು ಮಾತಾಡಿದ್ದು ನನ್ನ ಜೊತೆ ಬಂದಿದ್ದ ಹೆಂಗಸು. ಆ ಕಥೆಗೆ ಆಮೇಲೆ ಬರುತ್ತೇನೆ. ನಾನೊಬ್ಬ ಲಾರಿ ಮೆಕ್ಯಾನಿಕ್‌ನ ಮಗ. ನರ್ಸಿಂಗ್ ಓದಿದ್ದೇನೆ. ಗಂಡಸು. ಈ ಮೂರನೆಯ ಮಾತನ್ನು ಪ್ರತಿ ಸಲವೂ ಒತ್ತಿ ಹೇಳಬೇಕಾಗುತ್ತದೆ. ಏಕೆಂದರೆ ರೋಗಿಗಳು ನನ್ನ ಮೀಸೆಯನ್ನು ಕಣ್ಣಾರೆ ಕಂಡ ಮೇಲೂ 'ಸಿಸ್ಟರ್' ಎಂದೇ ಕೂಗುತ್ತಾರೆ, ನಾನೂ 'ಓ' ಎನ್ನುತ್ತೇನೆ. ನಮ್ಮ ಊರಿನಲ್ಲಿರುವುದು ಒಂದೇ ಕ್ಲಿನಿಕ್ಕು. ಅಲ್ಲಿ ಡಾಕ್ಟರ ಹೆಂಡತಿಯೇ ನರ್ಸು, ಡಾಕ್ಟರ ಭಾವಮೈದುನನೇ ಔಷಧಿ ಕೊಡುವವನು. ಆ ವಂಶದಲ್ಲಿ ಮದುವೆಯಾಗದೆ ಅಲ್ಲಿ ಕೆಲಸ ಸಿಗುವಂತಿರಲಿಲ್ಲ. ಹಾಗಾಗಿ ಹೊರಟೆ.

ಹೊರಡುವ ದಿನ ಅಪ್ಪ ಲಾರಿಯ ಅಡಿಯಲ್ಲಿ ಮಲಗಿದ್ದ. ಕಾಲು ಮಾತ್ರ ಕಾಣುತ್ತಿತ್ತು. ನಾನು ಆ ಕಾಲಿಗೇ ಹೇಳಿದೆ, "ಅಪ್ಪಾ, ಹೋಗ್ಬರ್ತೀನಿ."

"ಕೆಲ್ಸ ಸಿಗ್ಲಿಲ್ಲ ಅಂದ್ರೆ?" ಎಂದಿತು ಲಾರಿ.

"ಸಿಗುತ್ತೆ ಬಿಡು."

"ಮಳೆಗಾಲ ಮುಗಿಯೋದ್ರೊಳಗೆ ಸಿಗ್ಲಿಲ್ಲ ಅಂದ್ರೆ ಬಂದು ಸ್ಪ್ಯಾನರ್ ಹಿಡಿ. ಓದಿದ್ದು ಎಲ್ಲಿಗೂ ಓಡೋಗಲ್ಲ."

ಅಪ್ಪ ಒಳ್ಳೆಯ ಮನುಷ್ಯ, ಆ ಮಾತನ್ನು ಕೋಪದಿಂದ ಹೇಳಲಿಲ್ಲ. ಆದರೆ ನನಗೆ ಅದಕ್ಕಿಂತ ದೊಡ್ಡ ಬೆದರಿಕೆ ಬೇರೆ ಇರಲಿಲ್ಲ. ಇಂಜಿನ್ನಿಗೂ ನನಗೂ ಎಣ್ಣೆ ಸೀಗೇಕಾಯಿ ಸಂಬಂಧ. ಚಿಕ್ಕಂದಿನಿಂದಲೂ ಗ್ರೀಸು ಮುಟ್ಟಿದ ಕೂಡಲೇ ಸೋಪು ಹುಡುಕಿಕೊಂಡು ಓಡುವವನು ನಾನು. ನಾನು ಬಿಗಿದ ಚಕ್ರ ಯಾರ ಲಾರಿಗಿರುತ್ತದೋ ಅವರಿಗೆ ಬೇಗನೆ ನರ್ಸ್ ಬೇಕಾಗುತ್ತದೆ, ಅಷ್ಟಂತೂ ಖಂಡಿತ.

ತಮ್ಮ ನಗರಕ್ಕೆ ಬಂದ ಮೇಲೆ ತಿಳಿದದ್ದೆಂದರೆ, ಕೆಲಸ ಕೇಳುವುದಕ್ಕೂ ಮೊದಲು ತಲೆ ಇಡಲು ಜಾಗ ಕೇಳಬೇಕು. ನರ್ಸ್‌ಗಳ ಹಾಸ್ಟೆಲಿನ ಕಾವಲುಗಾರ ನನ್ನನ್ನು ನೋಡಿ ಬಿದ್ದು ಬಿದ್ದು ನಕ್ಕ. ಅದು ಹೆಂಗಸರಿಗೆ ಮಾತ್ರವಂತೆ. ಮನೆ ಬಾಡಿಗೆಗೆ ಕೊಡುವವರು ಮೊದಲು ಕೇಳುವುದು "ಎಲ್ಲಿ ಕೆಲಸ?" ತಮ್ಮ ಕಚೇರಿಯ ಕಿಟಕಿಯಲ್ಲಿ ಮೊದಲು ಕೇಳುವುದು "ಈ ಊರಲ್ಲಿ ವಿಳಾಸ ಎಲ್ಲಿ?" ಕೆಲಸವಿಲ್ಲದೆ ಮನೆಯಿಲ್ಲ, ಮನೆಯಿಲ್ಲದೆ ಕೆಲಸವಿಲ್ಲ. ಈ ಎರಡು ಪ್ರಶ್ನೆಗಳ ನಡುವೆ ನಾನು ಬಸ್ ನಿಲ್ದಾಣದ ಬೆಂಚಿನ ಮೇಲೆ, ಟ್ರಂಕಿಗೆ ತಲೆಕೊಟ್ಟು, ನನ್ನ ಪದವಿಯ ಘನತೆಯನ್ನು ಧ್ಯಾನಿಸುತ್ತಿದ್ದೆ.

ಕೊನೆಗೆ ಮಹಡಿಯ ಮೇಲಿನ ಕೋಣೆ ಖಾಲಿ ಇದೆ ಎಂದು ಚಹಾದಂಗಡಿಯವರು ಒಂದು ಮನೆ ತೋರಿಸಿದರು. ಬಾಗಿಲು ತೆರೆದವರು ನಿವೃತ್ತ ಡ್ರಿಲ್ ಟೀಚರ್. ನಿವೃತ್ತಿಯಾಗಿದ್ದರೂ ಸೀಟಿ ಮಾತ್ರ ಕೊರಳಲ್ಲೇ ಇತ್ತು. ಬೀದಿಯವರೆಲ್ಲ ಅವರನ್ನು ಟೀಚರಮ್ಮ ಎನ್ನುತ್ತಿದ್ದರು.

"ಏನ್ ಓದಿದೀಯಪ್ಪಾ?"

"ನರ್ಸಿಂಗ್, ಅಮ್ಮಾ."

"ಎಲ್ಲಿ ಕೆಲ್ಸ?"

"ಇನ್ನೂ ಸಿಕ್ಕಿಲ್ಲ."

ಬಾಗಿಲು ಮುಚ್ಚುತ್ತದೆ ಎಂದುಕೊಂಡು ಟ್ರಂಕು ಎತ್ತಿಕೊಂಡೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಟ್ರಂಕ್ ಅಲ್ಲೇ ಇಡು, ಕೈ ತೊಳ್ಕೊಂಡು ಒಳಗ್ ಬಾ" ಎಂದರು.

ಒಳಕೋಣೆಯಲ್ಲಿ ಅವರ ಯಜಮಾನರು ಮಲಗಿದ್ದರು. ಕೈಗಡಿಯಾರ ರಿಪೇರಿ ಮಾಡುತ್ತಿದ್ದವರು. ಪಾರ್ಶ್ವವಾಯು ಬಡಿದು ಬಲಭಾಗ ಬಿದ್ದುಹೋಗಿತ್ತು, ಮಾತು ನಿಂತುಹೋಗಿತ್ತು. ಅವರಿಗೆ ಚಿಕಿತ್ಸೆಯಾದದ್ದು ತಮ್ಮ ದೊಡ್ಡಾಸ್ಪತ್ರೆಯಲ್ಲೇ. ಮನೆಗೆ ಕಳಿಸುವಾಗ ತಮ್ಮ ಡಾಕ್ಟರು ಟೀಚರಮ್ಮನಿಗೆ, "ಇನ್ಮೇಲೆ ಮನೇಲಿ ಯಾರಾದ್ರೂ ನುರಿತವರು ನೋಡ್ಕೋಬೇಕು" ಎಂದಿದ್ದರಂತೆ. ನುರಿತವರು ಸಿಗುವಷ್ಟು ಅನುಕೂಲ ಅವರಿಗಿರಲಿಲ್ಲ. ಟೀಚರಮ್ಮ ಒಬ್ಬರೇ ಹೆಣಗಿದ್ದರು. ಸಾವಿರಾರು ಮಕ್ಕಳನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿದ ಆ ಕೈಗಳಿಗೆ ಒಬ್ಬ ಗಂಡನನ್ನು ಮಗ್ಗುಲು ಬದಲಿಸುವುದು ಸಾಧ್ಯವಾಗುತ್ತಿರಲಿಲ್ಲ. ಹೊದಿಕೆ ಸರಿಸಿ ನೋಡಿದೆ. ಸೊಂಟದ ಕೆಳಗೆ ಹಾಸಿಗೆ ಹುಣ್ಣು, ಅಂಗೈಯಷ್ಟು ಅಗಲ.

"ಬಾಡಿಗೆ ಬೇಡ" ಎಂದರು ಟೀಚರಮ್ಮ. ಸೀಟಿ ಊದುವ ಗಂಟಲು ಆಗ ತೀರ ಸಣ್ಣದಾಗಿತ್ತು. "ಇವ್ರನ್ನ ನೋಡ್ಕೊ."

ನೋಡಿಕೊಂಡೆ. ಬೆಳಿಗ್ಗೆ ಆಸ್ಪತ್ರೆಗಳ ಬಾಗಿಲು ತಟ್ಟುತ್ತಿದ್ದೆ, ನಡುವೆ ಓಡಿಬಂದು ಯಜಮಾನರ ಮಗ್ಗುಲು ಬದಲಿಸುತ್ತಿದ್ದೆ. ನಾನಿಲ್ಲದ ಹೊತ್ತಿಗೆಂದು ಟೀಚರಮ್ಮನಿಗೆ ಅಡಿಯ ಹಾಸುಬಟ್ಟೆ ಹಿಡಿದು ಹೊರಳಿಸುವ ಉಪಾಯ ಕಲಿಸಿದೆ. ಹುಣ್ಣು ತೊಳೆದು ಪಟ್ಟಿ ಕಟ್ಟಿದೆ. ದಿಂಬು ಒತ್ತುಕೊಟ್ಟು ಕೂರಿಸಿ, ಗದ್ದ ತಗ್ಗಿಸಿ, ಅರ್ಧರ್ಧ ಚಮಚದಂತೆ ಉಣಿಸಿದೆ. ಪಕ್ಕದ ಬೀದಿಯ ವ್ಯಾಯಾಮ ಚಿಕಿತ್ಸಕರನ್ನು ಕಾಡಿ ಬೇಡಿ ಕರೆತಂದು, ಅವರು ತೋರಿಸಿದ ಕಸರತ್ತುಗಳನ್ನು ದಿನವೂ ಮಾಡಿಸಿದೆ. ಯಜಮಾನರು ಸುಲಭದ ರೋಗಿಯೇನಲ್ಲ. ನಾನು ಸ್ವಲ್ಪ ತಡವಾಗಿ ಬಂದರೂ ಎಡಗೈ ಎತ್ತಿ ಗೋಡೆಯ ಗಡಿಯಾರ ತೋರಿಸುತ್ತಿದ್ದರು. ಮಾತು ಹೋಗಿದ್ದರೂ ಬೈಗುಳ ಹೋಗಿರಲಿಲ್ಲ. ಎಲ್ಲ ಕಣ್ಣಿಗೆ ವರ್ಗವಾಗಿತ್ತು. ಕೆಳಗಿನಿಂದ ಟೀಚರಮ್ಮ ಸೀಟಿ ಊದಿದರೆ ನಾನು ಊಟದ ತಟ್ಟೆ ಬಿಟ್ಟು ಮೆಟ್ಟಿಲಿಳಿಯಬೇಕಿತ್ತು. ತಮ್ಮ ವಾರ್ಡಿನಲ್ಲಿ ಗಂಟೆ ಹೊಡೆದರೆ ಇಷ್ಟು ಬೇಗ ಯಾರಾದರೂ ಬರುತ್ತಾರೆಯೇ? ಸುಮ್ಮನೆ ಕೇಳಿದೆ.

ಹುಣ್ಣು ಅಂಚಿನಿಂದ ಒಳಗೊಳಗೆ ಕೂಡಿಕೊಳ್ಳುತ್ತಾ ಬಂತು. ಅಂಗೈಯಷ್ಟಿದ್ದದ್ದು ನಾಣ್ಯದಷ್ಟಾಯಿತು. ಅದೇ ದಿನಗಳಲ್ಲಿ ಒಂದು ಮಧ್ಯಾಹ್ನ ಬೇಯಿಸಿ ಅರೆದ ತರಕಾರಿಯನ್ನು ಉಣಿಸುತ್ತಿದ್ದೆ. ಯಜಮಾನರು ಚಮಚವನ್ನು ಎಡಗೈಯಿಂದ ತಳ್ಳಿದರು. ಬಾಯಿ ಸೊಟ್ಟಗೆ ಮಾಡಿದರು. ತುಟಿ ಒದ್ದಾಡಿತು. ಏನೋ ನೆತ್ತಿಗೇರಿತೆಂದು ನಾನು ಗಾಬರಿಯಿಂದ ಬಗ್ಗಿದೆ. ಅವರು ನನ್ನ ಮುಖಕ್ಕೆ ನೇರವಾಗಿ ಹೇಳಿದರು:

"ಸಪ್ಪೆ."

ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಟೀಚರಮ್ಮ ಬಾಗಿಲಲ್ಲಿ ನಿಂತಿದ್ದರು. "ಏನಂದ್ರಿ?" ಎಂದರು.

"ಸ... ಸಪ್ಪೆ!"

"ಇಷ್ಟು ತಿಂಗಳಾದ್ಮೇಲೆ ಬಾಯಿ ಬಿಟ್ಟು ಹೇಳೋ ಮಾತಾ ಇದು? ನಾನು ಮಾಡಿದ ಅಡುಗೆಗೆ ಹೆಸರಿಡೋಕೇ ಬಾಯಿ ಬಂತಾ?" ಎಂದು ಬೈಯುತ್ತಾ ಬೈಯುತ್ತಾ ಅವರು ಮಂಚದ ಅಂಚಿಗೆ ಕುಸಿದು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಯಜಮಾನರ ಎಡಗೈ ಅವರ ಬೆನ್ನ ಮೇಲೆ ಬಂದು ಕೂತಿತು. ನಾನು ಬಟ್ಟಲು ಹಿಡಿದುಕೊಂಡು ಗೋಡೆ ನೋಡುತ್ತಾ ನಿಂತೆ. ಇಂಥ ಹೊತ್ತಿನಲ್ಲಿ ನರ್ಸ್ ಎಲ್ಲಿ ನೋಡಬೇಕು ಎಂದು ನಮ್ಮ ಪಠ್ಯದಲ್ಲಿ ಇರಲಿಲ್ಲ.

ಮರುದಿನವೇ ಟೀಚರಮ್ಮ ನನ್ನನ್ನು ಹಿಡಿದುಕೊಂಡು ತಮ್ಮ ಕಚೇರಿಗೆ ಬಂದರು. ತಮಗೀಗ ನೆನಪಾಗಿರಬೇಕು. ಕಿಟಕಿಯ ಸಾಲನ್ನು ದಾಟಿ, ಪರದೆ ಸರಿಸಿ, ತಮ್ಮ ಮೇಜಿನ ಮುಂದೆ ಎದೆಯುಬ್ಬಿಸಿ ನಿಂತ ಸೀಟಿಯ ಹೆಂಗಸು. ಪಾಪ, ತಾವೂ ಒಂದು ಕ್ಷಣ ಬೆನ್ನು ನೆಟ್ಟಗೆ ಮಾಡಿ ಕೂತಿರಿ. ಡ್ರಿಲ್ ಟೀಚರುಗಳ ಮಹಿಮೆ ಅದು.

"ಈ ಹುಡುಗನಿಗೆ ಅನುಭವ ಇದೆ. ನಮ್ಮನೇಲಿ ಕೆಲ್ಸ ಮಾಡ್ತಿದಾನೆ" ಎಂದರು ಟೀಚರಮ್ಮ.

"ಮನೆ ಆರೈಕೆ ಅನುಭವಕ್ಕೆ ಬರಲ್ಲ ಅಮ್ಮಾ. ಮಾನ್ಯತೆ ಇರೋ ಸಂಸ್ಥೆ ಆಗಿರ್ಬೇಕು" ಎಂದಿರಿ ತಾವು.

"ನಮ್ಮ ಸಂಸಾರ ನಲವತ್ತು ವರ್ಷದಿಂದ ನಡೀತಿದೆ. ನಿಮ್ಮ ಆಸ್ಪತ್ರೆಗಿಂತ ಹಳೇ ಸಂಸ್ಥೆ."

ತಾವು ನಕ್ಕಿರಿ. ನಗುವಾಗ ತಾವು ಒಳ್ಳೆಯವರಂತೆಯೇ ಕಾಣುತ್ತೀರಿ. ಟೀಚರಮ್ಮ ಮಾತ್ರ ನಗಲಿಲ್ಲ. "ಮನೇಲಿ ನುರಿತವರು ನೋಡ್ಕೋಬೇಕು ಅಂದಿದ್ದು ನಿಮ್ಮ ಡಾಕ್ಟ್ರೇ. ಇವ್ನು ನೋಡ್ಕೊಂಡ. ಹುಣ್ಣು ಮಾಯ್ತಿದೆ, ಮಾತು ಬರ್ತಿದೆ. ಈಗ ನೀವು ಇವ್ನು ನುರಿತವನಲ್ಲ ಅಂತೀರ. ಹಾಗಾದ್ರೆ ನನ್ನ ಗಂಡನ್ನ ನೋಡ್ಕೊಂಡಿದ್ದು ಯಾರು?"

ತಾವು ಕನ್ನಡಕ ತೆಗೆದು ಒರೆಸಿದಿರಿ. "ನಿಯಮ ನಾನ್ ಮಾಡಿದ್ದಲ್ಲ ಅಮ್ಮಾ" ಎಂದಿರಿ. ಯಾರು ಮಾಡಿದ್ದು ಎಂದು ಕೇಳಿದ್ದಕ್ಕೆ ಮೇಲೆ ನೋಡಿದಿರಿ. ನಾವೂ ಮೇಲೆ ನೋಡಿದೆವು. ಫ್ಯಾನು ತಿರುಗುತ್ತಿತ್ತು.

ಮಾನ್ಯರೇ, ಅಂದಿನಿಂದ ಒಂದೇ ಪ್ರಶ್ನೆ ನನ್ನನ್ನು ಕೊರೆಯುತ್ತಿದೆ. ಅನುಭವಿಗಳು ಎಲ್ಲಿ ಬೆಳೆಯುತ್ತಾರೆ? ಯಾವ ಮರದಲ್ಲಿ ಕಾಯಿ ಬಿಡುತ್ತಾರೆ? ಪ್ರತಿ ಆಸ್ಪತ್ರೆಯೂ ಪಕ್ಕದ ಆಸ್ಪತ್ರೆ ಪಳಗಿಸಿ ಕಳಿಸಲಿ ಎಂದು ಕಾದು ಕೂತರೆ ಪಳಗಿಸುವವರು ಯಾರು? ತಾವೇ ಹೇಳಿ, ತಾವು ತೊಟ್ಟಿಲಲ್ಲಿದ್ದಾಗಲೇ ನೇಮಕಾತಿ ಮಾಡಿದ ಅನುಭವವಿತ್ತೇ? ತಮಗೂ ಒಂದು ಮೊದಲ ದಿನವಿದ್ದಿರಬೇಕು. ಯಾವ ಬಾಗಿಲು ಒಳಗೆ ತೆರೆಯುತ್ತದೆ, ಯಾವುದು ಹೊರಗೆ ತೆರೆಯುತ್ತದೆ ಎಂದು ತಿಳಿಯದೆ ಹಣೆ ಬಡಿಸಿಕೊಂಡಿರಬೇಕು. ಯಾರೋ ಪುಣ್ಯಾತ್ಮರು ಆ ದಿನ ತಮ್ಮನ್ನು ಸಹಿಸಿಕೊಂಡರು. ತಮ್ಮ ವಾರ್ಡುಗಳಲ್ಲಿ ಒಬ್ಬ ನರ್ಸು ಇಬ್ಬರ ಪಾಳಿ ಮಾಡಿ ನಿಂತಲ್ಲೇ ತೂಕಡಿಸುತ್ತಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೊರಗೆ ಗೋಡೆಗೆ ಒರಗಿಕೊಂಡು ನನ್ನಂಥವರ ಸಾಲು. ನಡುವೆ ತಮ್ಮ ಸಣ್ಣಕ್ಷರ. ಹಸಿದವನ ಮುಂದೆ ತಟ್ಟೆ ಇಟ್ಟು, ಮೊದಲು ಊಟ ಮಾಡಿ ಬಾ ಎಂದಂತಾಯಿತಲ್ಲವೇ?

ಇನ್ನು ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ತಮ್ಮ ಕಚೇರಿಯಿಂದ ಹೊರಬಂದಾಗ ತಮ್ಮದೇ ಆಸ್ಪತ್ರೆಯ ಹಿರಿಯ ನರ್ಸ್ ಒಬ್ಬರು ಕಾರಿಡಾರಿನಲ್ಲಿ ನಮ್ಮನ್ನು ತಡೆದು ನಿಲ್ಲಿಸಿದರು. ಪರದೆಯಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದರಂತೆ. ಬೇರೆ ಊರಿನ ಸಣ್ಣ ಆಸ್ಪತ್ರೆಯೊಂದರಲ್ಲಿ ಅವರ ಗೆಳತಿ ಮುಖ್ಯಸ್ಥೆ, ಅಲ್ಲಿ ಹೊಸಬರನ್ನು ತೆಗೆದುಕೊಳ್ಳುತ್ತಾರೆ, ನಾಳೆಯೇ ಹೋಗು ಎಂದರು. ಹೋದೆ. ಕೆಲಸ ಸಿಕ್ಕಿತು. ಮಳೆಗಾಲ ಇನ್ನೂ ಮುಗಿದಿರಲಿಲ್ಲ.

ಸಂತೋಷದ ಸುದ್ದಿಯೇ. ಆದರೆ ಟ್ರಂಕು ಕಟ್ಟುವಾಗ ಕೈ ಓಡಲಿಲ್ಲ. ನಾಣ್ಯದಷ್ಟು ಹುಣ್ಣು ಇನ್ನೂ ಉಳಿದಿತ್ತು. ಯಜಮಾನರು ಆಗಷ್ಟೇ ಎರಡು ಮಾತು ಜೋಡಿಸಲು ಕಲಿಯುತ್ತಿದ್ದರು. ಟೀಚರಮ್ಮನಿಗೆ ಪಟ್ಟಿ ಕಟ್ಟುವುದನ್ನು ಮತ್ತೆ ಮತ್ತೆ ಮಾಡಿ ತೋರಿಸಿದೆ. "ನನಗೇ ಪಾಠ ಮಾಡ್ತೀಯಾ? ಹೋಗು, ಬಸ್ಸು ತಪ್ಪುತ್ತೆ" ಎಂದು ಗದರಿದರು. ಬಾಗಿಲವರೆಗೆ ಬಂದು, "ನಿನಗೆ ಇಲ್ಲೇ ಸಿಕ್ಕಿದ್ರೆ ಚೆನ್ನಾಗಿತ್ತು ಕಣೋ" ಎಂದರು. ತಮ್ಮ ಆಸ್ಪತ್ರೆ ಅಲ್ಲಿಂದ ನಡೆದು ಹೋಗುವಷ್ಟು ದೂರ, ಮಾನ್ಯರೇ. ತಮ್ಮ ನಿಯಮದ ಬೆಲೆ ತೆತ್ತವನು ನಾನೊಬ್ಬನೇ ಎಂದು ತಾವು ತಿಳಿಯಬಾರದೆಂದು ಇದನ್ನು ಬರೆದೆ. ಈಗ ಟೀಚರಮ್ಮ ಫೋನಿನಲ್ಲಿ ವರದಿ ಒಪ್ಪಿಸುತ್ತಾರೆ. ಹುಣ್ಣು ಮಾಯುತ್ತಿದೆ, ಆದರೆ ನಿಧಾನ. ಅವರ ಸೊಂಟನೋವು ಮಾತ್ರ ಬೇಗ ಬೇಗ ಬೆಳೆಯುತ್ತಿದೆ.

ಇಲ್ಲಿ ನನ್ನ ಮೊದಲ ದಿನ ಒಬ್ಬ ಅಜ್ಜಿಗೆ ರಕ್ತನಾಳದ ಸೂಜಿ ಹಾಕಬೇಕಿತ್ತು. ಕಾಲೇಜಿನಲ್ಲಿ ಎಷ್ಟೋ ಸಲ ಹಾಕಿದ್ದೆ. ಆದರೂ 'ಇದು ನನ್ನ ರೋಗಿ' ಎಂದಾಗ ಸಿಕ್ಕ ನಾಳವನ್ನೇ ಮತ್ತೆ ಮತ್ತೆ ತಡವಿ ನೋಡಿದೆ. ಅಜ್ಜಿ ನನ್ನ ಕೈ ನೋಡಿ, ಮುಖ ನೋಡಿ, "ನಿಂಗೇ ಸೂಜಿ ಚುಚ್ತಾರೇನೋ ಅನ್ನೋ ಹಾಗಿದೀಯಲ್ಲಪ್ಪಾ" ಎಂದರು. ಆಗ ನಮ್ಮ ಮುಖ್ಯಸ್ಥೆ ಪಕ್ಕಕ್ಕೆ ಬಂದು ನಿಂತರು. ಸೂಜಿ ಕಸಿದುಕೊಳ್ಳಲಿಲ್ಲ. ನನ್ನ ಮೊಣಕೈಗೆ ಎರಡು ಬೆರಳು ಆನಿಸಿ, "ನಾನಿಲ್ಲೇ ಇದೀನಿ, ಹಾಕು" ಎಂದರು. ಹಾಕಿದೆ. ಸರಿಯಾಗಿ ಕೂತಿತು. ಅಜ್ಜಿ "ಮುಗೀತಾ?" ಎಂದರು. ಮುಗಿದಿತ್ತು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಗೋಡೆಯ ಮೇಲಿನ ಸಣ್ಣಕ್ಷರದ ಸಾಲನ್ನು ಅಳಿಸಿ. ಪ್ರತಿ ವಾರ್ಡಿನಲ್ಲಿ ಹೊಸಬರಿಗೆಂದೇ, ಪೂರ್ತಿ ಸಂಬಳದ ಜಾಗಗಳನ್ನು ತೆರೆಯಿರಿ. ಅವರ ಪಕ್ಕದಲ್ಲಿ ನಿಲ್ಲಲು ಹಿರಿಯ ನರ್ಸ್‌ಗಳಿಗೆ ಬಿಡುವು ಕೊಡಿ. ಹಾಸ್ಟೆಲಿನಲ್ಲಿ ಮೀಸೆಯವರಿಗೂ ಒಂದು ಕೋಣೆ ಕೊಡಿ, ಕಾವಲುಗಾರರು ಎಷ್ಟಾದರೂ ನಗಲಿ. ನಿಯಮ ಮಾಡಿದವರು ಮೇಲಿದ್ದಾರೆ ಎನ್ನುವುದಾದರೆ ಈ ಪತ್ರವನ್ನು ಮೇಲಕ್ಕೇ ಕಳಿಸಿ; ಫ್ಯಾನಿಗೆ ಸಿಕ್ಕದಂತೆ ನೋಡಿಕೊಳ್ಳಿ. ಇಂದಿಗೂ ತಮ್ಮ ಗೋಡೆಗೆ ಒರಗಿ ಯಾರೋ ನಿಂತಿರುತ್ತಾರೆ. ಎದ್ದು ಹೋಗಿ, ಅವರನ್ನು ಒಳಗೆ ಕರೆಯಿರಿ.

ಎರಡು ವರ್ಷಗಳ ನಂತರ ನಾನು ತಮ್ಮ ಪ್ರಕಟಣೆಗೆ ಸಂಪೂರ್ಣ ಅರ್ಹನಾಗುತ್ತೇನೆ. ಆಗ ತಾವು ಕರೆಯಬಹುದು. ಆದರೆ ಆ ಹೊತ್ತಿಗೆ ನಮ್ಮ ವಾರ್ಡಿಗೆ ಹೊಸ ಹುಡುಗನೋ ಹುಡುಗಿಯೋ ಬಂದಿರುತ್ತಾರೆ, ಅವರ ಮೊಣಕೈ ಹಿಡಿಯಲು ನಾನಿಲ್ಲಿ ಬೇಕಾಗುತ್ತದೆ.

ಇಂತಿ,
ತಮ್ಮ ಕೃಪೆಯಿಂದ ಬೇರೆಯವರ ಊರಿನಲ್ಲಿ ಅನುಭವಸ್ಥನಾಗುತ್ತಿರುವ,
'ಸಿಸ್ಟರ್' ಎಂದರೂ ಓಗೊಡುವ ಒಬ್ಬ ನರ್ಸ್