ನಿಮ್ಮ ಹತ್ತೂವರೆ ಯಾವ ಹತ್ತೂವರೆ?

ಪ್ರಾದೇಶಿಕ ಆರೋಗ್ಯ ಕಚೇರಿಯ ನಿರ್ದೇಶಕರಿಗೆ, ಈ ವಾರಪತ್ರಿಕೆಯ ಮೂಲಕ.

ಮಾನ್ಯರೇ,

ಮೂರು ದಿನದಿಂದ ಒಂದೇ ಕನಸು ಬೀಳುತ್ತಿದೆ. ನಿಮ್ಮ ಬಿಳಿ ವ್ಯಾನು ದಿಬ್ಬದ ಮೇಲಿನ ಚರ್ಚಿನ ಅಂಗಳದಲ್ಲಿ ನಿಂತಿರುತ್ತದೆ. ನನ್ನ ಗಂಡ ಹೋಬರ್ಟ್ ಅದರ ಮೆಟ್ಟಿಲ ಮೇಲೆ ಕೂತು, ಬ್ಯಾಂಡೇಜು ಸುತ್ತಿದ ಬಲಗಾಲನ್ನು ಒಳಗೆ ಚಾಚಿರುತ್ತಾನೆ. ಒಳಗಿನಿಂದ ಯಾರೋ "ನಿಮ್ಮ ಟೈಮು ಆಗಿಹೋಯ್ತು" ಅನ್ನುತ್ತಾರೆ. ಬಾಗಿಲು ಮುಚ್ಚಿಕೊಂಡು ವ್ಯಾನು ಹೊರಟುಹೋಗುತ್ತದೆ. ಹೋಬರ್ಟ್ ಅಂಗಳದಲ್ಲೇ ಉಳಿಯುತ್ತಾನೆ, ಕಾಲು ವ್ಯಾನಿನ ಜತೆ ಹೋಗಿರುತ್ತದೆ. ನಾನು ಅವನ ಒಂದು ಷೂ ಹಿಡಿದುಕೊಂಡು ಹಿಂದೆ ಓಡುತ್ತಿರುವಾಗ ಎಚ್ಚರವಾಗುತ್ತದೆ.

ನನ್ನ ಕನಸಿಗೆ ತಮ್ಮ ಕಚೇರಿ ಹೊಣೆಯಲ್ಲ, ಒಪ್ಪಿದೆ. ಆದರೆ ನರ್ಸು ಬರುವ ಆ ವ್ಯಾನು ತಮ್ಮದು, ಮನೆಮನೆಗೆ ಹಂಚಿದ ಕೈಪಿಡಿ ತಮ್ಮದು, ಆ ಕೈಪಿಡಿಯ ಏಳನೇ ಪುಟದಲ್ಲಿ "ಗಾಯದ ಆರೈಕೆ, ತಿಂಗಳ ಎರಡನೇ ಮಂಗಳವಾರ, ಒಂಬತ್ತರಿಂದ ಹನ್ನೆರಡು" ಎಂದು ಅಚ್ಚು ಹಾಕಿಸಿದವರೂ ತಾವೇ. ಯಾರ ಒಂಬತ್ತು, ಯಾರ ಹನ್ನೆರಡು ಎಂದು ಬರೆಸಿಲ್ಲ. ನನ್ನ ದೂರು ಇಷ್ಟೇ. ಇಷ್ಟಕ್ಕೆ ಪತ್ರಿಕೆಯಲ್ಲಿ ಬರೆಯಬೇಕೇ ಎಂದು ತಮಗೆ ಅನ್ನಿಸಬಹುದು. ಮುಂದೆ ಓದಿ.

ತಮ್ಮ ಕಚೇರಿ ದಿಬ್ಬದ ಪೂರ್ವಕ್ಕಿದೆ. ಎರಡು ಕಾಲವಲಯಗಳ ಗೆರೆ ಇಲ್ಲೇ ಹಾದುಹೋಗುವುದರಿಂದ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ. ನಾವು ಅದಕ್ಕೆ ಜೋರು ಟೈಮು ಅನ್ನುತ್ತೇವೆ. ಈ ಕಡೆ ನಮ್ಮದು ನಿಧಾನ ಟೈಮು. ಕೆಂಟಕಿಯ ಈ ಮೂಲೆಯಲ್ಲಿ ಹುಟ್ಟಿದ ಯಾರಿಗೇ ಆಗಲಿ, ನಾಳೆ ಹತ್ತಕ್ಕೆ ಬಾ ಅಂದರೆ ಮೊದಲು ಬಾಯಿಗೆ ಬರುವುದು "ಜೋರಾ, ನಿಧಾನಾ?" ಅನ್ನುವ ಮಾತು. ನಾನು ಹತ್ತೊಂಬತ್ತು ವರ್ಷ ಕಾಲರು ಹೊಲಿದ ಷರ್ಟು ಫ್ಯಾಕ್ಟರಿಯಲ್ಲಿ ಗೋಡೆಗೆ ಎರಡು ಗಡಿಯಾರ ಇದ್ದವು. ಮದುವೆ ಕಾಗದದಲ್ಲಿ ಎರಡೂ ಟೈಮು ಹಾಕುತ್ತಾರೆ. ಶವಸಂಸ್ಕಾರ ನಡೆಸಿಕೊಡುವವರೂ ಇದೇ ಪತ್ರಿಕೆಯಲ್ಲಿ ವಾರವಾರವೂ ಎರಡೂ ಟೈಮು ಹಾಕಿಸುತ್ತಾರೆ. ಸತ್ತವರನ್ನು ಹೂಳುವುದಕ್ಕೆ ಇರುವಷ್ಟು ಕಾಳಜಿ ಬದುಕಿರುವವರ ಕಾಲಿಗೆ ಇರಬಾರದೇ? ಮೊಬೈಲು ನೋಡಿಕೊಳ್ಳಿ ಎಂದೀರಿ. ನಮ್ಮ ಮನೆಯಲ್ಲಿ ಮೊಬೈಲು ಅಡುಗೆಮನೆಯಲ್ಲಿ ಒಂಬತ್ತು ಅನ್ನುತ್ತದೆ, ಜಗಲಿಗೆ ತಂದರೆ ದಿಬ್ಬದ ಆಚೆಯ ಟವರು ಹಿಡಿದು ಹತ್ತು ಅನ್ನುತ್ತದೆ.

ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅಮ್ಮ ಹಾಸಿಗೆ ಹಿಡಿದರು, ನನ್ನ ಕೆಳಗೆ ನಾಲ್ಕು ಜನ ತಮ್ಮ ತಂಗಿಯರಿದ್ದರು. ಓದಿದವರು ಬರೆದಿದ್ದನ್ನು ನಂಬಬೇಕು ಎಂದು ನಂಬಿಕೊಂಡೇ ಬಂದಿದ್ದೇನೆ. ಹೋದ ವರ್ಷ ಊರಿನ ಕ್ಲಿನಿಕ್ಕು ಮುಚ್ಚಿ, ಅದರ ಬದಲಿಗೆ ಈ ಕೈಪಿಡಿ ಕೊಟ್ಟಿರಿ. ಡಾಕ್ಟರ ಬದಲಿಗೆ ಪುಸ್ತಕ. ಮುಖಪುಟದಲ್ಲಿ ನಗುನಗುತ್ತಾ ಓಡುತ್ತಿರುವ ಸಂಸಾರದ ಫೋಟೋ. ಹಾಗೆ ಓಡುವವರನ್ನು ನಮ್ಮ ಕಡೆ ನಾಯಿ ಅಟ್ಟಿಸಿಕೊಂಡು ಬಂದಾಗ ಮಾತ್ರ ನೋಡಿದ್ದೇನೆ.

ಏಪ್ರಿಲ್‌ನಲ್ಲಿ ಸಕ್ಕರೆ ಕಾಯಿಲೆಯಿಂದ ಹೋಬರ್ಟ್‌ನ ಬಲಗಾಲಿನ ಹೆಬ್ಬೆರಳು ತೆಗೆದರು. ಪಟ್ಟಣದ ಆಸ್ಪತ್ರೆಯ ಸರ್ಜನ್ನು ನನ್ನನ್ನು ಹೊರಗೆ ಕರೆದು, "ನಿಮ್ಮ ಊರಿನ ಹತ್ತಿರವೇ ಗಾಯದ ನರ್ಸು ತಿಂಗಳಿಗೊಮ್ಮೆಯಾದರೂ ನೋಡಬೇಕು. ಬಿಟ್ಟರೆ ಮುಂದಿನ ಸಲ ಕಣಕಾಲಿನ ಹತ್ತಿರ ಕೊಯ್ಯಬೇಕಾಗುತ್ತೆ" ಅಂದರು. ಕಣಕಾಲು ಎಂದು ಹೇಳುವಾಗ ತಮ್ಮ ಕೈಗೇ ಪೆನ್ನಿನಿಂದ ಗೆರೆ ಎಳೆದು ತೋರಿಸಿದರು. ಆ ಗೆರೆ ಇನ್ನೂ ನನ್ನ ಕಣ್ಣಲ್ಲಿದೆ.

ಮನೆಗೆ ಬಂದು ಕೈಪಿಡಿ ತೆಗೆದೆ. ನಲವತ್ತೊಂದು ನಂಬರು. ನಾಲ್ಕು ದಿನ ಕೂತು ಎಲ್ಲಕ್ಕೂ ಫೋನು ಮಾಡಿದೆ. ಹನ್ನೊಂದು ಸತ್ತಿದ್ದವು. ಮನೆಗೆ ಬರುವ ನರ್ಸು ಎಂದು ಹಾಕಿದ ಕಡೆ, "ನಾವು ದಿಬ್ಬ ದಾಟೋದಿಲ್ಲ ಮೇಡಂ" ಅಂದರು. ನಡಿಗೆಗೆ ಸಹಾಯ ಎಂಬ ನಂಬರಿನವರು ಇನ್ನೊಂದು ನಂಬರು ಕೊಟ್ಟರು, ಆ ನಂಬರಿನವರು ಕೈಪಿಡಿ ನೋಡಿ ಅಂದರು. ದುಃಖದಲ್ಲಿರುವವರಿಗೆ ನೆರವು ಎಂಬ ನಂಬರು ಒಂದು ಟೈರಿನ ಅಂಗಡಿಗೆ ಹೋಯಿತು. ಅಲ್ಲಿಯ ಮನುಷ್ಯ, "ಅಯ್ಯೋ, ಯಾರಾದ್ರೂ ತೀರ್ಕೊಂಡ್ರಾ ಅಮ್ಮಾ?" ಎಂದು ಕೇಳಿದ. ಇಲ್ಲಪ್ಪ, ಗಂಡನ ಕಾಲು ಅಂದೆ. ಕೆಲಸ ಬಿಟ್ಟು ಹತ್ತು ನಿಮಿಷ ಕೇಳಿಸಿಕೊಂಡ. ತಮ್ಮ ಇಡೀ ಕೈಪಿಡಿಯಲ್ಲಿ ನನಗೆ ಸಿಕ್ಕ ಅತ್ಯುತ್ತಮ ಸೇವೆ ಅದೇ. ದಯವಿಟ್ಟು ಆ ನಂಬರನ್ನು ಮಾತ್ರ ತಿದ್ದಬೇಡಿ.

ಕೊನೆಗೆ ಉಳಿದಿದ್ದು ಏಳನೇ ಪುಟದ ವ್ಯಾನು. ಅದಕ್ಕೂ ಮುಂಚೆ ಜಾಗ ಖಾಲಿ ಇಲ್ಲವೆಂದು ಆಗಸ್ಟ್ ತಿಂಗಳಿಗೆ ಹತ್ತೂವರೆಯ ಸರದಿ ಕೊಟ್ಟಿರಿ. ನನ್ನ ಕಣ್ಣಿಗೆ ಪೊರೆ ಬಂದು ಲೈಸೆನ್ಸು ಹೋಗಿ ಎರಡು ವರ್ಷವಾಯಿತು, ಹೋಬರ್ಟ್ ಆ ಕಾಲಿನಲ್ಲಿ ಬ್ರೇಕು ತುಳಿಯುವಂತಿಲ್ಲ. ಅದಕ್ಕೆ ಕೈಪಿಡಿಯಲ್ಲೇ ಇದ್ದ, ರೋಗಿಗಳನ್ನು ಕರೆದೊಯ್ಯುವ ಕಾರಿನವರಿಗೆ ಹೇಳಿದೆ. ಅವರ ಆಫೀಸು ಪಶ್ಚಿಮಕ್ಕೆ, ಅಂದರೆ ನಿಧಾನ ಟೈಮಿಗೆ. ಚರ್ಚೂ ನಿಧಾನದ ಕಡೆಗೇ ಇದೆ. ಹತ್ತೂಕಾಲಿಗೆ ಅಂಗಳದಲ್ಲಿದ್ದೆವು. ವ್ಯಾನಿನ ನರ್ಸು ಪಟ್ಟಿ ನೋಡಿ, "ನಿಮ್ಮನ್ನ ಆಗಲೇ ಮುಕ್ಕಾಲು ಗಂಟೆ ಹಿಂದೆ ಕೂಗಿದ್ವಲ್ಲ" ಅಂದಳು. ಅವಳ ಗಡಿಯಾರ ಜೋರು. ಅಲ್ಲಿ ಹನ್ನೊಂದೂಕಾಲು. ಉಳಿದ ಸರದಿಗಳೆಲ್ಲ ತುಂಬಿದ್ದವು. ಹೋಬರ್ಟ್ ಅವಳಿಗೆ, "ಬಿಡಮ್ಮ, ನನ್ನ ಹೆಬ್ಬೆಟ್ಟು ಜೋರು ಟೈಮಿಂದು, ಮೊದ್ಲೇ ಹೋಯ್ತು. ಉಳಿದ ಬೆರಳು ನಿಧಾನದವು, ಕಾಯ್ತವೆ" ಅಂದ. ಅವಳು ನಕ್ಕಳು, ನಮ್ಮ ಹೆಸರಿನ ಮುಂದೆ "ಬಂದಿಲ್ಲ" ಎಂದು ಬರೆದುಕೊಂಡಳು.

ಸೆಪ್ಟೆಂಬರಿಗೆ ಮತ್ತೆ ಹತ್ತೂವರೆ. ಈ ಸಲ ತಮ್ಮ ಕಚೇರಿಗೆ ಫೋನು ಮಾಡಿ ಕೇಳಿದೆ.

"ನಮ್ಮ ಟೈಮೇ ಮೇಡಂ."

"ನಿಮ್ಮ ಟೈಮು ಅಂದ್ರೆ ಯಾವುದಮ್ಮ?"

"ಇಲ್ಲಿರೋ ಟೈಮು."

ಹಾಗಾದರೆ ಜೋರು ಎಂದು ನಂಬಿ, ಹೋದ ಸಲಕ್ಕಿಂತ ಒಂದು ಗಂಟೆ ಮುಂಚೆ, ನಮ್ಮ ಒಂಬತ್ತೂಕಾಲಿಗೆ ಹೋದೆವು. ಹತ್ತೂಕಾಲಿಗೆ ವಾಪಸು ಕಾರು ಹೇಳಿಟ್ಟೆ. ಆದರೆ ಅವತ್ತು ಬೇರೆ ನರ್ಸು, ಬೇರೆ ಡ್ರೈವರು. ಚರ್ಚಿನ ಅಂಗಳದಲ್ಲಿ ನಿಲ್ಲಿಸಿದ್ದೇವೆ, ಚರ್ಚಿನ ಟೈಮೇ ನಡೆಯುತ್ತದೆ ಎಂದು ಅವರೇ ತೀರ್ಮಾನಿಸಿಕೊಂಡಿದ್ದರು. "ಇನ್ನೂ ಒಂದೂಕಾಲು ಗಂಟೆ ಇದೆ, ಕೂತ್ಕೊಳ್ಳಿ" ಅಂದರು. ಕೂತೆವು. ಹತ್ತೂಕಾಲಿಗೆ ವಾಪಸಿನ ಕಾರು ಬಂತು. ಆ ಡ್ರೈವರು ಒಳ್ಳೆಯವನೇ. "ಅಮ್ಮಾ, ಹತ್ತು ನಿಮಿಷ ಕಾಯ್ತೀನಿ. ಅದಕ್ಕಿಂತ ನಿಂತ್ರೆ ನನ್ನ ಕೆಲಸ ಹೋಗುತ್ತೆ, ನಿಮ್ಮ ಹೆಸರೂ ಪಟ್ಟಿಯಿಂದ ಹೋಗುತ್ತೆ" ಅಂದ. ವ್ಯಾನಿನ ಬಾಗಿಲು ಬಡಿದೆ. ಒಳಗೆ ಇನ್ನೊಬ್ಬರ ಬ್ಯಾಂಡೇಜು ಬಿಚ್ಚುತ್ತಿದ್ದರು. ಮನೆ ಹದಿನಾಲ್ಕು ಮೈಲಿ. ಪಕ್ಕದ ಮನೆಯ ವರ್ಲಿಯ ಟ್ರಕ್ಕು ಗ್ಯಾರೇಜಿನಲ್ಲಿತ್ತು. ಹೋಬರ್ಟ್, "ಇರೋಣ ಕಣೇ, ಯಾರಾದ್ರೂ ಸಿಗ್ತಾರೆ ಮನೆಗೆ ಬಿಡೋಕೆ" ಅಂದ. ನಾನು ಹೆದರಿದೆ. ಯಾರೂ ಸಿಗದಿದ್ದರೆ, ಕಾರಿನವರೂ ನಮ್ಮನ್ನು ಕೈಬಿಟ್ಟರೆ, ಮುಂದಿನ ತಿಂಗಳು ಹೇಗೆ ಬರುವುದು? ಅವನನ್ನು ಎಬ್ಬಿಸಿಕೊಂಡು ಕಾರು ಹತ್ತಿದೆ. ಆಗ ಹತ್ತು ಇಪ್ಪತ್ತೈದು. ಐದು ನಿಮಿಷಕ್ಕೆ ಅವನನ್ನು ಕೂಗುವವರಿದ್ದರು.

ಅದು ನನ್ನ ತಪ್ಪು. ಅದನ್ನು ತಮ್ಮ ತಲೆಗೆ ಕಟ್ಟುವುದಿಲ್ಲ. ಆದರೆ ಮೂರು ವಾರದ ಹಿಂದೆ ಬಂದ ತಮ್ಮ ಕಾಗದದಲ್ಲಿ, ಹೋಬರ್ಟ್ ಪೆನಿಕಫ್ ಎರಡು ಬಾರಿ ಗೈರುಹಾಜರಾಗಿದ್ದಾರೆ, ಮೂರನೆಯ ಬಾರಿಯೂ ಬಾರದಿದ್ದಲ್ಲಿ ಆಸಕ್ತಿ ಇಲ್ಲವೆಂದು ಪರಿಗಣಿಸಿ ಪಟ್ಟಿಯಿಂದ ಕೈಬಿಡಲಾಗುವುದು ಎಂದಿದೆ. ಆಸಕ್ತಿ! ತನ್ನ ಕಾಲಿನಲ್ಲಿ ಆಸಕ್ತಿ ಇಲ್ಲದ ಮನುಷ್ಯನನ್ನು ತಾವು ಎಲ್ಲಿ ನೋಡಿದ್ದೀರಿ ಮಾನ್ಯರೇ? ಎರಡೂ ಸಲ ಅವನು ಆ ಅಂಗಳದಲ್ಲೇ ಇದ್ದ. ಒಂದು ಸಲ ತಮ್ಮ ನರ್ಸನ್ನು ನಗಿಸಿಯೂ ಬಂದ. ಇಲ್ಲದವನು ನಗಿಸುವುದು ಹೇಗೆ?

ಕಳೆದ ವಾರದಿಂದ ಬೆರಳು ತೆಗೆದ ಜಾಗದ ಹುಣ್ಣಿನ ಅಂಚು ಕಪ್ಪಾಗಿದೆ. ದಿನಾ ತೊಳೆದು ಕಟ್ಟುತ್ತೇನೆ, ದಿನಾ ಸರ್ಜನ್ನಿನ ಪೆನ್ನಿನ ಗೆರೆ ನೆನಪಾಗುತ್ತದೆ. ಪಟ್ಟಣಕ್ಕೇ ಹೋಗೋಣವೆಂದರೆ ಅಷ್ಟು ದೂರಕ್ಕೆ ಕಾರಿನವರು ನವೆಂಬರಿನವರೆಗೆ ಖಾಲಿ ಇಲ್ಲ ಅನ್ನುತ್ತಾರೆ. ಹೋಬರ್ಟ್ ಈಗ ತಮಾಷೆ ಮಾಡುವುದಿಲ್ಲ. ಅದು ನನಗೆ ಹುಣ್ಣಿಗಿಂತ ಹೆಚ್ಚು ಭಯ. ನಾನು ಈ ಪತ್ರ ಬರೆಯುವುದನ್ನು ನೋಡಿ ವರ್ಲಿ, "ಬರೀ, ಬರೀ. ಅವ್ರು ಇದಕ್ಕೂ ಒಂದು ಕೈಪಿಡಿ ಮಾಡ್ತಾರೆ" ಅಂದಳು. ದಯವಿಟ್ಟು ಮಾಡಬೇಡಿ.

ನಾನು ಕೇಳುವುದು ಹೊಸ ಕಟ್ಟಡವಲ್ಲ, ಮುಚ್ಚಿದ ಕ್ಲಿನಿಕ್ಕನ್ನೂ ಈ ಪತ್ರದಲ್ಲಿ ಕೇಳುತ್ತಿಲ್ಲ. ಏಳನೇ ಪುಟದ ಆ ಸಾಲಿನ ಮುಂದೆ ಜೋರು ಎಂದೋ ನಿಧಾನ ಎಂದೋ ಒಂದು ಮಾತು ಸೇರಿಸಿ. ಅದು ವ್ಯಾನಿನ ಎಲ್ಲರಿಗೂ, ಫೋನಿನ ಹುಡುಗಿಗೂ, ಕಾರಿನವರಿಗೂ ಒಂದೇ ಆಗಿರಲಿ. ನನ್ನ ಗಂಡನ ಹೆಸರಿನ ಮುಂದಿರುವ ಎರಡು "ಬಂದಿಲ್ಲ"ಗಳನ್ನು ಹೊಡೆದುಹಾಕಿ. ಅವನು ಬಂದಿದ್ದ.

ಇಂತಿ,
ಎರಡು ಗಡಿಯಾರದ ನಡುವೆ ಕಾಲು ಹಿಡಿದುಕೊಂಡು ಕೂತಿರುವ
ಅರ್ಡಿತ್ ಪೆನಿಕಫ್

ಇನ್ನೊಂದು ಮಾತು: ನಿನ್ನೆ ತಮ್ಮ ಯಂತ್ರ ಫೋನು ಮಾಡಿ, ಬರುವ ಮಂಗಳವಾರ ಹದಿನಾಲ್ಕನೇ ತಾರೀಖು ಹತ್ತೂವರೆಗೆ ಬರಬೇಕೆಂದು ಹೇಳಿತು. ಜೋರಾ, ನಿಧಾನಾ ಎಂದು ಕೇಳಿದೆ. ಧನ್ಯವಾದ ಎಂದು ಇಟ್ಟುಬಿಟ್ಟಿತು. ಚರ್ಚಿನವರೆಗಾದರೆ ಬಿಡುತ್ತೇವೆಂದು ಕಾರಿನವರು ಹೇಳಿದ್ದಾರೆ, ಹೇಗೂ ನಾವು ನಮ್ಮ ಎಂಟು ಗಂಟೆಗೇ ಬಂದು ಕೂತಿರುತ್ತೇವೆ, ವಾಪಸು ಕರೆತರಲು ವರ್ಲಿ ಒಪ್ಪಿದ್ದಾಳೆ, ಟ್ರಕ್ಕು ರಿಪೇರಿಯಾಗಿ ಬಂದರೆ. ಆದರೂ ಆ ಹತ್ತೂವರೆಯನ್ನು ಇನ್ನೊಮ್ಮೆ ನೋಡಿ ಹೇಳಿ. ಕಚೇರಿಯ ಗೋಡೆಯ ಗಡಿಯಾರ ನೋಡಬೇಡಿ. ಅವತ್ತು ವ್ಯಾನು ಓಡಿಸುವವನು ಯಾರೆಂದು ಕೇಳಿ, ಅವನ ಕೈಗಡಿಯಾರ ನೋಡಿ ಹೇಳಿ.